ಹೋದ ಕಣ್ಣು ಮತ್ತೆ ಬರುತ್ತಾ?

ಹೋದ ತಿಂಗಳು ಈ ಅಂಕಣದಲ್ಲಿ ಸ್ಟೆಮ್ ಸೆಲ್ ಬಗ್ಗೆ, ಅಂದರೆ ಹೊಸ ಕೋಶಗಳನ್ನು ಹುಟ್ಟಿಸಬಲ್ಲ ತಾಯಿಕೋಶಗಳ ಬಗ್ಗೆ, ಒಂದೇ ಒಂದು ಸಾಲು ಬರೆದಿದ್ದೆ. ಅಷ್ಟೇ ಸಾಕಾಯಿತು. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರದೇ ಪ್ರಶ್ನೆ. ಕೆಲವರು ರಿಪೋರ್ಟಿನ ಫೋಟೋ ಹಚ್ಚಿದ್ದಾರೆ, ಒಬ್ಬರಂತೂ ಸ್ಕ್ಯಾನ್ ಮಾಡಿಸಿದ ಸಿ.ಡಿ.ಯನ್ನೇ ಅಂಚೆಗೆ ಹಾಕಿದ್ದಾರೆ! ಎಲ್ಲಕ್ಕೂ ಜಾಗವಿಲ್ಲ, ಆರು ಪತ್ರ ಆರಿಸಿಕೊಂಡಿದ್ದೇನೆ. ಹೆಸರು ಬೇಡ ಎಂದು ಜಾಸ್ತಿ ಜನ ಕೇಳಿರುವುದರಿಂದ ಊರಿನ ಹೆಸರು ಮಾತ್ರ ಹಾಕುತ್ತೇನೆ.

ತಿಪಟೂರಿನಿಂದ ಒಬ್ಬ ತಂದೆ: ಡಾಕ್ಟ್ರೇ, ನನ್ನ ಮಗನಿಗೆ 24 ವರ್ಷ. ಹೈಸ್ಕೂಲಿನಲ್ಲಿದ್ದಾಗಲೇ ಸಂಜೆಯಾದ ಮೇಲೆ ಕಾಣುತ್ತಿರಲಿಲ್ಲ. ಈಗ ಹಗಲಲ್ಲೂ ಎದುರಿಗಿರುವುದು ಮಾತ್ರ ಕಾಣುತ್ತದೆ, ಪಕ್ಕದಲ್ಲಿ ಬಂದವರು ಗೊತ್ತಾಗುವುದಿಲ್ಲ. ಆರ್.ಪಿ. ಎಂದಿದ್ದಾರೆ. ಬೇರೆ ರಾಜ್ಯದ ಒಂದು ಸೆಂಟರ್‌ನವರು ಹೊಟ್ಟೆಯ ಕೊಬ್ಬಿನಿಂದ ಸ್ಟೆಮ್ ಸೆಲ್ ತೆಗೆದು ಎರಡೂ ಕಣ್ಣಿಗೆ ಇಂಜೆಕ್ಷನ್ ಕೊಡುತ್ತೇವೆ, ಒಟ್ಟು ಒಂಬತ್ತು ಲಕ್ಷ ಎನ್ನುತ್ತಿದ್ದಾರೆ. ತೆಂಗಿನ ತೋಟದಲ್ಲಿ ಒಂದು ಎಕರೆ ಮಾರಲು ತಯಾರಿದ್ದೇನೆ. ಮಾಡಿಸಲೇ?

ಬೇಡ. ತೋಟ ಮಾರಬೇಡಿ. ಮೊದಲು ಇದನ್ನು ಹೇಳಿ ಆಮೇಲೆ ಕಾರಣ ಹೇಳುತ್ತೇನೆ, ಯಾಕೆಂದರೆ ನೀವು ಇದನ್ನು ಓದುವ ಹೊತ್ತಿಗೆ ಅಡ್ವಾನ್ಸ್ ಕಟ್ಟಿಬಿಟ್ಟಿರುತ್ತೀರೋ ಎಂಬ ಭಯ ನನಗೆ.

ಆರ್.ಪಿ. ಅಂದರೆ ರೆಟಿನೈಟಿಸ್ ಪಿಗ್ಮೆಂಟೋಸಾ. ಕಣ್ಣಿನ ಹಿಂಭಾಗದ ಪರದೆ ರೆಟಿನಾ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಅದರ ಕೋಶಗಳು ಮೊದಲು ಸಾಯುತ್ತವೆ, ಅದಕ್ಕೇ ಇರುಳುಗಣ್ಣು. ಆಮೇಲೆ ಅಂಚಿನಿಂದ ಒಳಕ್ಕೆ ನೋಟ ಕಿರಿದಾಗುತ್ತಾ ಬಂದು ಕೊಳವೆಯೊಳಗಿಂದ ನೋಡಿದ ಹಾಗಾಗುತ್ತದೆ. ಇದು ವಂಶವಾಹಿಯಲ್ಲಿರುವ ದೋಷ, ಅಂದರೆ ಜೀನ್‌ನಲ್ಲಿ ಬಂದದ್ದು. ಸೋದರಮಾವನಿಗೋ ಅತ್ತೆ ಮಗನಿಗೋ ಕೊಟ್ಟು ಮದುವೆ ಮಾಡಿದ ಮನೆಗಳಲ್ಲಿ ಹೆಚ್ಚು ಕಾಣುತ್ತೇವೆ. ಯಾರನ್ನೂ ಬೈಯಲು ಹೇಳುತ್ತಿಲ್ಲ. ನಿಮಗೆ ಇನ್ನೂ ಮಕ್ಕಳಿದ್ದರೆ ಅವರ ಮದುವೆಗೆ ಮೊದಲು ಜೀನ್ ಬಗ್ಗೆ ಸಲಹೆ ಕೊಡುವ ಡಾಕ್ಟರರನ್ನು ಒಮ್ಮೆ ಕಾಣಿ ಎಂದಷ್ಟೇ ಹೇಳುತ್ತಿದ್ದೇನೆ.

ಈಗ ಆ ಇಂಜೆಕ್ಷನ್. ಕೊಬ್ಬಿನಿಂದ ತೆಗೆದ ಕೋಶವನ್ನು ಕಣ್ಣೊಳಗೆ ಬಿಟ್ಟರೆ ಅದು ತಾನಾಗಿ ರೆಟಿನಾ ಆಗುವುದಿಲ್ಲ. ತೆಂಗಿನ ತೋಟದಲ್ಲಿ ರಾಗಿ ಎರಚಿದರೆ ತೆಂಗು ಬರುತ್ತದೆಯೇ? ಬರದಿದ್ದರೆ ಹೋಗಲಿ, ಇದ್ದದ್ದೂ ಹೋಗುವುದುಂಟು. ಅಮೆರಿಕದ ಫ್ಲಾರಿಡಾದಲ್ಲಿ 72ರಿಂದ 88 ವರ್ಷದ ಮೂವರು ಹೆಂಗಸರು ಇಂಥದೇ ಇಂಜೆಕ್ಷನ್ ಹಾಕಿಸಿಕೊಂಡರು. ಅವರದು ಆರ್.ಪಿ. ಅಲ್ಲ, ವಯಸ್ಸಿಗೆ ಬರುವ ರೆಟಿನಾ ಸವೆತ. ತಲಾ 5,000 ಡಾಲರ್ ಕೊಟ್ಟು, ಹೊಟ್ಟೆಯ ಕೊಬ್ಬು ತೆಗೆಸಿ, ಎರಡೂ ಕಣ್ಣಿಗೆ ಒಂದೇ ದಿನ. ಕೆಲವೇ ದಿನಗಳಲ್ಲಿ ರಕ್ತಸ್ರಾವ, ರೆಟಿನಾ ಕಳಚಿ ಬಂತು. ಹೋಗುವಾಗ ತಾವೇ ನಡೆದುಕೊಂಡು ಹೋದವರು ಕುರುಡರಾದರು. 2017ರ ಮಾರ್ಚಿನಲ್ಲಿ ಅಲ್ಲಿನ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಈ ವರದಿ ಬಂದಾಗ ಕಣ್ಣಿನ ಡಾಕ್ಟರುಗಳೆಲ್ಲ ತಲೆ ಮೇಲೆ ಕೈ ಹೊತ್ತರು. ನಿಮಗೆ ಹೇಳಿದ ವಿಧಾನವೂ ಅದೇ ಥರ ಇದೆ ನೋಡಿ: ಹೊಟ್ಟೆ ಕೊಬ್ಬು, ಎರಡೂ ಕಣ್ಣು, ಮುಂಗಡ ದುಡ್ಡು.

ಇನ್ನೊಂದು ವಿಷಯ ಗೊತ್ತಿರಲಿ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐ.ಸಿ.ಎಂ.ಆರ್. 2017ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥದ್ದನ್ನು ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಚಿಕಿತ್ಸೆಯೆಲ್ಲ ಇನ್ನೂ ಪ್ರಯೋಗದ ಲೆಕ್ಕ. ಪ್ರಯೋಗ ಅಂದ ಮೇಲೆ ಸರ್ಕಾರದ ಟ್ರಯಲ್ ರಿಜಿಸ್ಟ್ರಿಯಲ್ಲಿ ಅದಕ್ಕೆ ನಂಬರ್ ಇರಬೇಕು, ಎಥಿಕ್ಸ್ ಕಮಿಟಿ ಒಪ್ಪಿರಬೇಕು, ಮತ್ತು ರೋಗಿಯ ಕೈಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಆ ಸೆಂಟರಿಗೆ ಫೋನ್ ಮಾಡಿ ಟ್ರಯಲ್ ನಂಬರ್ ಕೊಡಿ ಎಂದು ಕೇಳಿ. ಅವರು ಮಾತು ತಿರುಗಿಸುವ ವೇಗ ನೋಡಿದರೇ ನಿಮಗೆ ಉತ್ತರ ಸಿಗುತ್ತದೆ.

ಹಾಗಾದರೆ ಆರ್.ಪಿ.ಗೆ ಏನೂ ಇಲ್ಲವೇ ಅಂದರೆ, ಒಂದು ಚಿಕ್ಕ ಬಾಗಿಲು ತೆರೆದಿದೆ. ಈ ಕಾಯಿಲೆಗೆ ಕಾರಣವಾಗುವ ಜೀನ್‌ಗಳು ಹತ್ತಾರು. ಅದರಲ್ಲಿ ಆರ್.ಪಿ.ಇ.65 ಎಂಬ ಒಂದೇ ಒಂದು ಜೀನ್ ಕೆಟ್ಟಿದ್ದರೆ, ಸರಿಯಾದ ಜೀನನ್ನು ನಿರಪಾಯಕಾರಿ ವೈರಸ್ಸಿನ ಬೆನ್ನ ಮೇಲೆ ಹೊರಿಸಿ ರೆಟಿನಾದ ಕೆಳಗೆ ಬಿಡುವ ಲಕ್ಸ್‌ಟರ್ನಾ ಎಂಬ ಔಷಧಿಗೆ ಅಮೆರಿಕ 2017ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಎರಡೂ ಕಣ್ಣಿಗೆ ಅವರು ಇಟ್ಟ ಬೆಲೆ ಎಂಟೂವರೆ ಲಕ್ಷ, ರೂಪಾಯಿ ಅಲ್ಲ, ಡಾಲರ್. ಅದೂ ಸತ್ತ ಕೋಶವನ್ನು ಎಬ್ಬಿಸುವುದಿಲ್ಲ, ಬದುಕಿರುವುದನ್ನು ಕೆಲಸಕ್ಕೆ ಹಚ್ಚುತ್ತದೆ. ನೀವು ಈಗ ಮಾಡಬೇಕಾದದ್ದು ಮಗನ ಜೀನ್ ಪರೀಕ್ಷೆ. ನಾಳೆ ಯಾವುದಾದರೂ ನಿಜವಾದ ಟ್ರಯಲ್ ಬಂದಾಗ ಅವನು ಅದಕ್ಕೆ ಹೊಂದುತ್ತಾನೋ ಇಲ್ಲವೋ ಗೊತ್ತಾಗುವುದು ಆ ಕಾಗದದಿಂದಲೇ. ಜೊತೆಗೆ ಪೊರೆ ಬಂದಿದೆಯಾ, ರೆಟಿನಾದ ನಡುವೆ ನೀರು ತುಂಬಿದೆಯಾ ನೋಡಿಸಿ. ಆರ್.ಪಿ. ಇರುವವರಿಗೆ ಇವೆರಡೂ ಬರುತ್ತವೆ, ಎರಡಕ್ಕೂ ಚಿಕಿತ್ಸೆ ಇದೆ, ಅದರಿಂದಲೇ ಎಷ್ಟೋ ಜನಕ್ಕೆ ಅಕ್ಷರದ ಬೋರ್ಡಿನಲ್ಲಿ ಎರಡು ಸಾಲು ಜಾಸ್ತಿ ಕಾಣುತ್ತದೆ. ಅಂಗವಿಕಲರ ಯು.ಡಿ.ಐ.ಡಿ. ಕಾರ್ಡ್ ಮಾಡಿಸಿ. ಪರದೆಯ ಮೇಲಿನದನ್ನು ಓದಿ ಹೇಳುವ ಮೊಬೈಲ್ ಈಗಲೇ ಕಲಿಯಲಿ, ಕಾಣುವಾಗ ಕಲಿಯುವುದು ಸುಲಭ. ಒಂದು ಎಕರೆ ತೋಟ ಅವನ ಹೆಸರಿಗೇ ಇರಲಿ.

ಸಿಂಧನೂರಿನಿಂದ ಒಬ್ಬ ಅಜ್ಜಿ: ನನ್ನ ಮೊಮ್ಮಗನಿಗೆ ಆರು ವರ್ಷರೀ. ನನ್ನ ಎಲೆ ಚೀಲದಾಗಿನ ಸುಣ್ಣದ ಪ್ಯಾಕೆಟ್ ತೊಗೊಂಡು ಹಿಚುಕ್ಯಾನ, ಒಡದು ಕಣ್ಣಾಗ ಸಿಡೀತು. ಎಂಟು ತಿಂಗಳಾತು. ಒಂದು ಕಣ್ಣು ಪೂರಾ ಬೆಳ್ಳಗ ಆಗೇತಿ. ಸತ್ತವರ ಕಣ್ಣು ಹಾಕಿದ್ರ ಬರ್ತೈತಿ ಅಂತಾರ. ಹಾಕಸೂಣೇನ್ರಿ?

ಅಜ್ಜೀ, ನಿಮ್ಮದು ಒಂದೇ ಮನೆಯ ಕಥೆಯಲ್ಲ. ಸುಣ್ಣದ ಪ್ಯಾಕೆಟ್ ಒಡೆದು ಬರುವ ಮಕ್ಕಳನ್ನು ನಾವು ನೋಡುತ್ತಲೇ ಇರುತ್ತೇವೆ. ಅದು ಬಲೂನಿನ ಹಾಗೆ ಕೈಗೆ ಮೆತ್ತಗೆ ಸಿಗುತ್ತದೆ, ಯಾವ ಮಗುವಾದರೂ ಹಿಚುಕುತ್ತದೆ. ನಿಮ್ಮನ್ನು ನೀವು ಬೈದುಕೊಳ್ಳುವುದು ಬಿಡಿ. ಆದರೆ ಆ ಪ್ಯಾಕೆಟ್ ಇನ್ನೂ ಮನೆಯಲ್ಲಿದ್ದರೆ ಇವತ್ತೇ ಡಬ್ಬಿಗೆ ಸುರಿದು ಮೇಲಿಡಿ.

ಸತ್ತವರ ಕಣ್ಣು ಮೊದಲೇ ಹಾಕಿದರೆ ನಿಲ್ಲುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. ಕಣ್ಣಿನ ಮುಂದಿನ ಗಾಜಿನಂಥ ಭಾಗ ಕಾರ್ನಿಯಾ. ಅದರ ಮೇಲಿನ ತೆಳು ಚರ್ಮ ದಿನವೂ ಉದುರಿ ಹೊಸದು ಬರುತ್ತಿರುತ್ತದೆ. ಆ ಹೊಸದು ಎಲ್ಲಿಂದ? ಕರಿಗುಡ್ಡೆ ಬಿಳಿಗುಡ್ಡೆ ಕೂಡುವ ಅಂಚು ಇದೆಯಲ್ಲ, ಅಲ್ಲಿ ಸುತ್ತಲೂ ಸ್ಟೆಮ್ ಸೆಲ್ ಇವೆ. ಬಿತ್ತನೆಗೆ ಎತ್ತಿಟ್ಟ ಕಾಳಿನ ಹಾಗೆ. ಸುಣ್ಣ ಆ ಬೀಜವನ್ನೇ ಸುಟ್ಟುಹಾಕುತ್ತದೆ. ಆಗ ಬಿಳಿಗುಡ್ಡೆಯ ಪೊರೆ ರಕ್ತನಾಳ ಸಮೇತ ಕಾರ್ನಿಯಾದ ಮೇಲೆ ಹಬ್ಬಿಬಿಡುತ್ತದೆ, ಹೊಲ ಬೀಳು ಬಿಟ್ಟರೆ ಕರಿಕೆ ಹಬ್ಬಿದಂತೆ. ಅದರ ಮೇಲೆ ಹೊಸ ಕಾರ್ನಿಯಾ ಹೊಲಿದರೆ ಅದನ್ನೂ ಅದು ನುಂಗುತ್ತದೆ.

ಆದರೆ ಇಲ್ಲಿ ನಿಮಗೆ ಹೇಳಲು ನನ್ನ ಹತ್ತಿರ ಒಳ್ಳೆಯ ಸುದ್ದಿ ಇದೆ, ಇಡೀ ಅಂಕಣದಲ್ಲೇ ಒಳ್ಳೆಯ ಸುದ್ದಿ ಇದು. ಹುಡುಗನ ಇನ್ನೊಂದು ಕಣ್ಣು ಚೆನ್ನಾಗಿದೆಯಲ್ಲ, ಅದರ ಅಂಚಿನಿಂದ ಎರಡು ಮಿಲಿಮೀಟರಿನಷ್ಟು, ಎಳ್ಳು ಕಾಳಿನಷ್ಟು ಅನ್ನಿ, ಒಂದು ಚೂರು ತೆಗೆಯುತ್ತಾರೆ. ಸುಟ್ಟ ಕಣ್ಣಿನ ಮೇಲೆ ಹಬ್ಬಿದ್ದನ್ನು ಕೆರೆದು, ಹೆರಿಗೆಯಲ್ಲಿ ಸಿಗುವ ಮಾಸಿನ ತೆಳುಪೊರೆ ಹಾಸಿ, ಆ ಚೂರನ್ನು ಹತ್ತು ಹದಿನೈದು ತುಣುಕು ಮಾಡಿ ಅದರ ಮೇಲೆ ಸಸಿ ನೆಟ್ಟಂತೆ ಅಂಟಿಸುತ್ತಾರೆ. ಎರಡು ವಾರದಲ್ಲಿ ಅವು ಹರಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಮೊದಲು ಇದಕ್ಕೆ ಲ್ಯಾಬಿನಲ್ಲಿ ಕೋಶ ಬೆಳೆಸಬೇಕಿತ್ತು, ಖರ್ಚು ಜಾಸ್ತಿ. ಯುರೋಪಿನಲ್ಲಿ 2015ರಲ್ಲಿ ಒಪ್ಪಿಗೆ ಪಡೆದ ಹೊಲೊಕ್ಲಾರ್ ಅಂಥದ್ದು. ಲ್ಯಾಬೇ ಬೇಡ, ಕಣ್ಣಿನ ಮೇಲೆಯೇ ಬೆಳೆಯಲಿ ಎಂದು ತೋರಿಸಿಕೊಟ್ಟವರು ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ಡಾ. ವೀರೇಂದರ್ ಸಾಂಗ್ವಾನ್ ಮತ್ತು ಅವರ ತಂಡ, 2012ರಲ್ಲಿ. ಈಗ ಬೇರೆ ಬೇರೆ ದೇಶದವರು ಇದನ್ನೇ ಮಾಡುತ್ತಾರೆ. ಹೈದರಾಬಾದಿನ ತಂಡದವರೇ ಹೀಗೆ ಒಂದು ಕಣ್ಣು ಸುಟ್ಟ 125 ಜನರನ್ನು ಗಮನಿಸಿದಾಗ ನಾಲ್ಕರಲ್ಲಿ ಮೂರು ಪಾಲು ಜನರಲ್ಲಿ ಹೊಸ ಮೇಲ್ಮೈ ನಿಂತಿತ್ತು. ಚಿಕ್ಕ ಮಕ್ಕಳಲ್ಲಿ ಸ್ವಲ್ಪ ಕಮ್ಮಿ, ಅದನ್ನು ಮುಚ್ಚಿಡುವುದಿಲ್ಲ.

ಮೇಲ್ಮೈ ಗಟ್ಟಿಯಾದ ಮೇಲೆ ಒಳಗಿನ ಕಲೆ ಉಳಿದಿದ್ದರೆ ಆಗ ಬೇಕು ಸತ್ತವರ ಕಾರ್ನಿಯಾ. ಮೊದಲು ನೆಲ ಹದ, ಆಮೇಲೆ ಪೈರು. ತಡ ಮಾಡಬೇಡಿ. ಏಳೆಂಟು ವರ್ಷದವರೆಗೆ ಮಕ್ಕಳ ಮೆದುಳು ನೋಡುವುದನ್ನು ಕಲಿಯುತ್ತಿರುತ್ತದೆ, ಮುಚ್ಚಿಹೋದ ಕಣ್ಣನ್ನು ಅದು ಲೆಕ್ಕದಿಂದಲೇ ಬಿಟ್ಟುಬಿಡುತ್ತದೆ. ಆಮೇಲೆ ಗಾಜು ತಿಳಿಯಾದರೂ ನೋಟ ಬರುವುದಿಲ್ಲ. ಸಿಂಧನೂರಿನಿಂದ ಹೈದರಾಬಾದ್ ಬೆಂಗಳೂರಿಗಿಂತ ಹತ್ತಿರ, ಅಲ್ಲಿಗೇ ಹೋಗಿ.

ಉಳಿದ ಓದುಗರಿಗೆ ಒಂದು ಮಾತು. ಸುಣ್ಣ, ಆಸಿಡ್, ಫಿನಾಯಿಲು ಏನೇ ಸಿಡಿಯಲಿ, ಆಟೋ ಹುಡುಕುವುದಕ್ಕಿಂತ ಮೊದಲು ನಲ್ಲಿ ಕೆಳಗೆ ಕಣ್ಣು ತೆರೆಸಿ ಅರ್ಧ ಗಂಟೆ ನೀರು ಬಿಡಿ. ಮಗು ಅರಚಲಿ. ರೆಪ್ಪೆ ಮಡಚಿ ಒಳಗೆ ಸಿಕ್ಕಿದ ಸುಣ್ಣದ ಚೂರು ತೆಗೆಯಿರಿ. ಎಣ್ಣೆ, ಎದೆಹಾಲು, ನಂದಿಬಟ್ಟಲ ರಸ, ಏನೂ ಹಾಕಬೇಡಿ. ಆಸ್ಪತ್ರೆ ಆಮೇಲೆ. ಕಣ್ಣು ಉಳಿಯುವುದೋ ಹೋಗುವುದೋ ತೀರ್ಮಾನವಾಗುವುದು ಆ ಅರ್ಧ ಗಂಟೆಯಲ್ಲಿ.

ಮೈಸೂರಿನಿಂದ ನಿವೃತ್ತ ಶಿಕ್ಷಕಿ: ಪೊರೆ ಬಂದಿದೆ, ಇನ್ನೂ ಹಣ್ಣಾಗಿಲ್ಲ ಎಂದು ಕಾಯುತ್ತಿದ್ದೇನೆ. ಕರಗಿಸುವ ಡ್ರಾಪ್ಸ್ ಇದೆಯೇ? ನನ್ನ ತಂದೆ ಡಾ. ಮೋದಿಯವರ ಶಿಬಿರದಲ್ಲಿ ಆಪರೇಶನ್ ಮಾಡಿಸಿಕೊಂಡು ಸೋಡಾಬುಡ್ಡಿ ಕನ್ನಡಕ ಹಾಕಿದ್ದು ನೆನಪಿದೆ, ಅದು ನೆನೆದರೇ ಭಯ.

ಮೇಡಂ, ಡ್ರಾಪ್ಸ್ ಇಲ್ಲ. ಹಣ್ಣಾಗಲು ಇದೇನು ಮಾವಿನಕಾಯಿಯೇ? ಅದು ನಿಮ್ಮ ತಂದೆಯವರ ಕಾಲದ ಮಾತು. ಎಂ.ಸಿ. ಮೋದಿಯವರು ಊರೂರು ತಿರುಗಿ ಶಿಬಿರ ಮಾಡಿ ಲೆಕ್ಕವಿಲ್ಲದಷ್ಟು ಜನಕ್ಕೆ ಬೆಳಕು ಕೊಟ್ಟರು, ಆದರೆ ಆಗ ಮಂಜಾದ ಮಸೂರ, ಅಂದರೆ ಕಣ್ಣೊಳಗಿನ ಲೆನ್ಸ್, ತೆಗೆಯುತ್ತಿದ್ದರೇ ಹೊರತು ಬದಲಿಗೆ ಒಳಗೆ ಏನೂ ಇಡುತ್ತಿರಲಿಲ್ಲ. ಅದಕ್ಕೇ ಸೋಡಾಬುಡ್ಡಿ. ಒಳಗೇ ಪ್ಲಾಸ್ಟಿಕ್ ಲೆನ್ಸ್ ಇಡಬಹುದು ಎಂದು 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ತೋರಿಸಿದ್ದರು. ಯುದ್ಧವಿಮಾನದ ಕಿಟಕಿ ಒಡೆದು ಪೈಲಟ್‌ಗಳ ಕಣ್ಣಿಗೆ ಹೊಕ್ಕ ಚೂರುಗಳು ಕಣ್ಣನ್ನು ಕೆರಳಿಸದೆ ಸುಮ್ನೆ ಕೂತಿದ್ದು ನೋಡಿ ಅವರಿಗೆ ಹೊಳೆದದ್ದು ಅದು. ನಮ್ಮ ಹಳ್ಳಿಗಳಿಗೆ ಅದು ಬರಲು ಇನ್ನೂ ನಾಲ್ಕು ದಶಕ ಹಿಡಿಯಿತು, ಬೇರೆ ಮಾತು. ಈಗ ನಿಮಗೆ ಓದಲು, ರಸ್ತೆ ದಾಟಲು ತೊಂದರೆಯಾದರೆ ಅದೇ ಸರಿಯಾದ ಸಮಯ. ಕಾದಷ್ಟೂ ಪೊರೆ ಗಟ್ಟಿಯಾಗಿ ಆಪರೇಶನ್ ಕಷ್ಟ.

ಒಂದು ತಮಾಷೆ ಕೇಳಿ. ಆಪರೇಶನ್ ಆಗಿ ಒಂದೆರಡು ವರ್ಷಕ್ಕೆ "ಮತ್ತೆ ಪೊರೆ ಬಂತು" ಎಂದು ಕೆಲವರು ಬರುತ್ತಾರೆ. ಅದು ಪೊರೆಯಲ್ಲ, ಹಿಂದೆ ಉಳಿದ ಮಸೂರದ ಕೋಶಗಳು ಚಿಗುರಿದ್ದು. ಲೇಸರಿನಲ್ಲಿ ಐದು ನಿಮಿಷದ ಕೆಲಸ. ನಮಗೆ ಪೀಡೆಯಾದ ಇದೇ ಕೋಶಗಳನ್ನು ಚೀನಾದ ಡಾಕ್ಟರುಗಳು ಹುಟ್ಟಾ ಪೊರೆ ಇದ್ದ 12 ಕೂಸುಗಳಲ್ಲಿ ಹುಷಾರಾಗಿ ಉಳಿಸಿದರು. ಕೆಲವು ತಿಂಗಳಲ್ಲಿ ಹೊಸ ಮಸೂರವೇ ಬೆಳೆಯಿತು! 2016ರಲ್ಲಿ ವರದಿಯಾದ ಸಂಗತಿ. ಎಳೆಗೂಸಿನ ಕೋಶಕ್ಕೆ ಆ ಚುರುಕು ಇರುತ್ತದೆ, ನಿಮಗೂ ನನಗೂ ಇಲ್ಲ. ನಮಗೆ ಪ್ಲಾಸ್ಟಿಕ್ಕೇ ಗತಿ, ಅದು ತುಂಬ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಹುಬ್ಬಳ್ಳಿಯ ವ್ಯಾಪಾರಿ: ಹನ್ನೆರಡು ವರ್ಷದಿಂದ ಶುಗರ್. ಕಣ್ಣು ಚಲೋ ಕಾಣತಾವ. ಆದ್ರೂ ವರ್ಷಾ ವರ್ಷಾ ಕಣ್ಣು ತೋರಿಸ್ರಿ ಅಂತ ಡಾಕ್ಟರ್ ಗಂಟು ಬಿದ್ದಾರ. ಗ್ಲಾಕೋಮಾನೂ ಐತಿ ಅಂದು ಡ್ರಾಪ್ಸ್ ಕೊಟ್ಟಿದ್ರು, ಆರು ತಿಂಗಳು ಹಾಕಿದೆ, ಏನೂ ಫರಕ ಬೀಳಲಿಲ್ಲ, ಬಿಟ್ಟೆ.

ಬಿಟ್ಟದ್ದು ತಪ್ಪು. ಗ್ಲಾಕೋಮಾ ಡ್ರಾಪ್ಸ್ ಹಾಕಿದರೆ ಫರಕ ಬೀಳುವುದೇ ಇಲ್ಲ. ಫರಕ ಬೀಳದಿರಲಿ ಅಂತಲೇ ಹಾಕುವುದು! ಕಣ್ಣಿನೊಳಗಿನ ಒತ್ತಡ ತಾಳಲಾರದೆ ಮೆದುಳಿಗೆ ಹೋಗುವ ನರದ ಎಳೆಗಳು ಸಾಯುತ್ತವೆ. ಒಟ್ಟು ಹತ್ತು ಹನ್ನೆರಡು ಲಕ್ಷ ಎಳೆ, ಅರ್ಧ ಹೋದರೂ ನಿಮಗೆ ಗೊತ್ತಾಗದೇ ಇರಬಹುದು. ಡ್ರಾಪ್ಸ್ ಉಳಿದದ್ದನ್ನು ಕಾಯುತ್ತದೆ. ಇವತ್ತೇ ಮತ್ತೆ ಶುರು ಮಾಡಿ, ಈ ವಾರವೇ ಒತ್ತಡ ನೋಡಿಸಿ.

ಸತ್ತ ನರ ಬೆಳೆಸಲು ಆಗುವುದಿಲ್ಲವೇ ಎಂದು ನೀವು ಕೇಳಿಲ್ಲ, ಬೇರೆ ನಾಲ್ಕು ಜನ ಕೇಳಿದ್ದಾರೆ. ಕಪ್ಪೆಗೆ ಆಗುತ್ತದೆ. ಅಮೆರಿಕದ ರೋಜರ್ ಸ್ಪೆರಿ 1940ರ ದಶಕದಲ್ಲಿ ಕಪ್ಪೆಯ ಕಣ್ಣಿನ ನರ ಕತ್ತರಿಸಿ, ಗುಡ್ಡೆಯನ್ನು ತಲೆಕೆಳಗು ತಿರುಗಿಸಿಟ್ಟರು. ನರ ಮತ್ತೆ ಬೆಳೆಯಿತು, ಕಪ್ಪೆಗೆ ಕಾಣಿಸಿತು. ಆದರೆ ನೊಣ ಮೇಲಿದ್ದರೆ ನಾಲಗೆ ಕೆಳಕ್ಕೆ ಚಾಚುತ್ತಿತ್ತು, ಕೊನೆಯವರೆಗೂ. ಪ್ರತಿ ಎಳೆಯೂ ತನ್ನ ಹಳೆಯ ಮನೆಯನ್ನೇ ಹುಡುಕಿಕೊಂಡು ಹೋಗಿತ್ತು. ಮನುಷ್ಯನಲ್ಲಿ ಎಳೆ ಬೆಳೆಯುವುದೇ ಇಲ್ಲ. ಬೆಳೆಸಿದರೂ ಲಕ್ಷಗಟ್ಟಲೆ ಎಳೆಗಳು ಸರಿಯಾದ ಜಾಗಕ್ಕೆ ಹೋಗಿ ಕೂರಬೇಕು. ಅದಕ್ಕೇ ನರದ ವಿಷಯದಲ್ಲಿ ಸ್ಟೆಮ್ ಸೆಲ್ ಎಂದು ಯಾರಾದರೂ ಬೋರ್ಡ್ ಹಾಕಿದರೆ ಅತ್ತ ಕಡೆ ತಿರುಗಿಯೂ ನೋಡಬೇಡಿ.

ಶುಗರ್ ಕಥೆಯೂ ಅಷ್ಟೇ. ನೋವಿಲ್ಲದೆ ರೆಟಿನಾದ ಸಣ್ಣ ರಕ್ತನಾಳ ಸೋರುತ್ತಿರುತ್ತವೆ. ಚೆನ್ನಾಗಿ ಕಾಣುವಾಗ ಸಿಕ್ಕಿಬಿದ್ದರೆ ಲೇಸರ್, ಇಂಜೆಕ್ಷನ್ ಇದೆ. ರಕ್ತ ತುಂಬಿ ರೆಟಿನಾ ಎಳೆದುಕೊಂಡ ಮೇಲೆ ಬಂದರೆ ನಮ್ಮ ಕೈಯಲ್ಲಿ ಉಳಿಯುವುದು ಸ್ವಲ್ಪವೇ. ಪರೀಕ್ಷೆಗೆ ಹೋಗುವಾಗ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ, ಪಾಪೆ ಅಗಲಿಸುವ ಡ್ರಾಪ್ಸ್ ಹಾಕಿದರೆ ನಾಲ್ಕೈದು ಗಂಟೆ ಮಂಜು. ಸ್ಕೂಟರ್ ಓಡಿಸಬೇಡಿ.

ಸಿಂಗಪುರದಿಂದ ಒಬ್ಬ ಓದುಗ: ಉಡುಪಿಯಲ್ಲಿರುವ ಅಪ್ಪನಿಗೆ 79. ಒಣ ಎ.ಎಂ.ಡಿ. (ವಯಸ್ಸಿಗೆ ಬರುವ ರೆಟಿನಾ ಸವೆತ) ಅಂತೆ, ಮುಖದ ನಡುಭಾಗವೇ ಕಾಣುವುದಿಲ್ಲ. ಜಪಾನಿನಲ್ಲಿ ಸ್ಟೆಮ್ ಸೆಲ್‌ನಿಂದ ರೆಟಿನಾ ಹಾಕುತ್ತಾರಂತಲ್ಲ, ಕರೆದುಕೊಂಡು ಹೋಗಲೇ?

ಜಪಾನಿನ ಸುದ್ದಿ ನಿಜ, ಆದರೆ ಅರ್ಧ. ಶಿನ್ಯಾ ಯಮನಾಕಾ ಎಂಬವರು ಚರ್ಮದಂಥ ಬಲಿತ ಕೋಶವನ್ನೇ ಮತ್ತೆ ಎಳೆಯದಾಗಿಸುವ ದಾರಿ ಕಂಡುಹಿಡಿದರು, 2012ರಲ್ಲಿ ನೊಬೆಲ್ ಬಂತು. ಕೋಬೆ ಊರಿನ ಮಸಾಯೊ ತಕಹಾಶಿ 2014ರ ಸೆಪ್ಟೆಂಬರಿನಲ್ಲಿ ಎಪ್ಪತ್ತು ದಾಟಿದ ಹೆಂಗಸಿನ ಚರ್ಮದಿಂದಲೇ ರೆಟಿನಾದ ಕೆಳಹಾಸು ಬೆಳೆಸಿ ಕಣ್ಣಿಗೆ ಹಾಕಿದರು. ಹಾಸು ನಿಂತಿತು, ಗಡ್ಡೆ ಆಗಲಿಲ್ಲ. ನೋಟ ಕೆಡಲಿಲ್ಲ, ಸುಧಾರಿಸಲೂ ಇಲ್ಲ. ಎರಡನೆಯ ರೋಗಿಯ ಕೋಶದಲ್ಲಿ ಜೀನ್ ಬದಲಾವಣೆ ಕಂಡು ಹಾಕದೆ ನಿಲ್ಲಿಸಿದರು. ನನಗೆ ಅವರ ಮೇಲೆ ಗೌರವ ಹೆಚ್ಚಿದ್ದು ಆ ನಿಲ್ಲಿಸಿದ್ದಕ್ಕೆ.

ಒಣ ಎ.ಎಂ.ಡಿ.ಯಲ್ಲಿ ಸವೆಯುವುದು ಇದೇ ಕೆಳಹಾಸು. ಅದು ಸತ್ತರೆ ಮೇಲಿನ ಬೆಳಕಿನ ಕೋಶಕ್ಕೆ ಅನ್ನವಿಲ್ಲ. ಬೆಂಗಳೂರಿನಲ್ಲೇ ಐಸ್ಟೆಮ್ ಎಂಬ ಕಂಪನಿ ಈ ಕೋಶಗಳನ್ನು ತಯಾರಿಸಿ ಭಾರತದಲ್ಲೇ ರೋಗಿಗಳ ಮೇಲೆ ಪ್ರಯೋಗ ಶುರು ಮಾಡಿದೆ. ಹಾಗಾಗಿ ವಿಮಾನ ಹತ್ತುವ ಮೊದಲು ಅಪ್ಪನ ರೆಟಿನಾ ಡಾಕ್ಟರರ ಹತ್ತಿರ ಇಂಥ ಟ್ರಯಲ್‌ಗೆ ಹೊಂದುತ್ತಾರಾ ಎಂದು ಕೇಳಿ. ಮೊದಲ ಹಂತ ಅಂದರೆ ಅಪಾಯ ಇದೆಯಾ ನೋಡುವುದು. ಗುಣ ಆಮೇಲಿನ ಮಾತು. ಯುರೋಪಿನಲ್ಲಿ ಇನ್ನೊಂದು ದಾರಿ ಹಿಡಿದಿದ್ದಾರೆ: ಎರಡು ಮಿಲಿಮೀಟರಿನ ಚಿಪ್ ರೆಟಿನಾ ಕೆಳಗಿಟ್ಟು, ಕ್ಯಾಮೆರಾ ಇರುವ ಕನ್ನಡಕ ಹಾಕಿಸುವುದು. 2025ರ ಅಕ್ಟೋಬರಿನಲ್ಲಿ ಬಂದ ವರದಿಯಲ್ಲಿ ವರ್ಷ ತುಂಬಿದ 32 ಜನರಲ್ಲಿ 26 ಮಂದಿ ಮೊದಲಿಗಿಂತ ಹೆಚ್ಚು ಅಕ್ಷರ ಓದಿದರು. ಕಪ್ಪು ಬಿಳುಪು ನೋಟ, ತಿಂಗಳುಗಟ್ಟಲೆ ತರಬೇತಿ ಬೇಕು.

ಅಲ್ಲಿಯವರೆಗೆ ಅಪ್ಪನಿಗೆ ಒಂದು ಅಭ್ಯಾಸ ಮಾಡಿಸಿ. ಬೆಳಿಗ್ಗೆ ಕಾಫಿ ಹೊತ್ತಿಗೆ ಒಂದೊಂದೇ ಕಣ್ಣು ಮುಚ್ಚಿ ಕಿಟಕಿಯ ಸರಳು ನೋಡಲಿ. ನೆಟ್ಟಗಿದ್ದ ಸರಳು ಒಂದು ದಿನ ಸೊಟ್ಟ ಕಂಡರೆ ಒಣದ್ದು ಒದ್ದೆಯಾಗಿರಬಹುದು, ಅಂದರೆ ಸೋರಿಕೆ. ಅದಕ್ಕೆ ಇಂಜೆಕ್ಷನ್ ಇದೆ, ಆದರೆ ನೀವು ರಜೆಗೆ ಬರುವವರೆಗೆ ಕಾಯಬಾರದು.

ಬೆಂಗಳೂರಿನಿಂದ ಒಬ್ಬ ಮಗಳು: ಅಪ್ಪು ಹೋದಾಗ ನಾಲ್ಕು ಜನಕ್ಕೆ ಕಣ್ಣು ಬಂತಂತೆ, ಎರಡು ಕಣ್ಣಿನಿಂದ ನಾಲ್ಕು ಹೇಗೆ? ಅಮ್ಮನಿಗೆ ಶುಗರ್ ಇದೆ, ಪೊರೆ ಆಪರೇಶನ್ ಆಗಿದೆ. ಅವರೂ ಕಣ್ಣು ಕೊಡಬೇಕು ಅನ್ನುತ್ತಾರೆ, ತೆಗೆದುಕೊಳ್ಳುತ್ತಾರಾ?

ಖಂಡಿತ ತೆಗೆದುಕೊಳ್ಳುತ್ತಾರೆ. ಬೇಕಾಗಿರುವುದು ಕಾರ್ನಿಯಾ, ಮಸೂರವೂ ಅಲ್ಲ ರೆಟಿನಾವೂ ಅಲ್ಲ. ಇಡೀ ಕಣ್ಣು ಹಾಕುತ್ತಾರೆ ಎಂದು ಇನ್ನೂ ಎಷ್ಟೋ ಜನ ನಂಬಿದ್ದಾರೆ. ಅಮೆರಿಕದಲ್ಲಿ 2023ರಲ್ಲಿ ಒಬ್ಬರಿಗೆ ಹಾಗೆ ಹಾಕಿದರು, ಕಣ್ಣು ಜೀವಂತ ಉಳಿಯಿತು, ನೋಟ ಬರಲಿಲ್ಲ, ಮತ್ತದೇ ನರದ ತೊಂದರೆ. ಕಾರ್ನಿಯಾ ಪದರ ಪದರವಾಗಿರುತ್ತದೆ. ಪುನೀತ್ ಅವರ ಒಂದೊಂದು ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರ ಎಂದು ಬಿಡಿಸಿ, ಯಾರಿಗೆ ಯಾವುದು ಕೆಟ್ಟಿತ್ತೋ ಅದನ್ನು ಹಾಕಿದರು. 2021ರ ಅಕ್ಟೋಬರಿನ ಕೊನೆ ಅದು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಜನ ಸಾಲು ನಿಂತರು. ಅಪ್ಪನ ದಾರಿಯನ್ನೇ ಮಗ ಹಿಡಿದದ್ದು, ರಾಜಕುಮಾರ್ ಅವರ ಕಣ್ಣನ್ನೂ 2006ರಲ್ಲಿ ದಾನ ಮಾಡಿದ್ದರು.

ಜಪಾನಿನ ಕ್ಯೋಟೊದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದಾನಿಯ ಹಿಂಪದರದ ಕೋಶವನ್ನು ಲ್ಯಾಬಿನಲ್ಲಿ ಹೆಚ್ಚಿಸಿ ಬರೀ ಸೂಜಿಯಲ್ಲಿ ಕಣ್ಣಿಗೆ ಬಿಡುತ್ತಾರೆ. 11 ಜನರ ಮೇಲೆ ಮಾಡಿದ್ದನ್ನು 2018ರಲ್ಲಿ ಪ್ರಕಟಿಸಿದರು. ಒಂದು ಕಣ್ಣಿನಿಂದ ಹತ್ತಾರು ಜನಕ್ಕೆ ಆಗುವ ಕಾಲ ನಮ್ಮಲ್ಲೂ ಬಂದೀತು.

ಫಾರ್ಮ್ ತುಂಬಿದ್ದು ಪರವಾಗಿಲ್ಲ, ಆದರೆ ಆ ಹೊತ್ತಿಗೆ ನೆನಪು ಮಾಡಿ ಫೋನ್ ಮಾಡಬೇಕಾದವರು ನೀವು. ಐ ಬ್ಯಾಂಕಿನ ನಂಬರ್ ಈಗಲೇ ಫ್ರಿಜ್ ಬಾಗಿಲಿಗೆ ಅಂಟಿಸಿಡಿ. ಆರು ಗಂಟೆಯೊಳಗೆ ತೆಗೆಯಬೇಕು. ಅವರೇ ಮನೆಗೆ ಬರುತ್ತಾರೆ, ಕಾಲು ಗಂಟೆಯ ಕೆಲಸ, ಮುಖ ವಿಕಾರ ಆಗುವುದಿಲ್ಲ. ಅವರು ಬರುವವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ಎರಡು ದಿಂಬು. ಮತ್ತೆ ಫ್ಯಾನ್ ಆಫ್ ಮಾಡಿ, ಗಾಳಿಗೆ ಕಾರ್ನಿಯಾ ಒಣಗಿಬಿಡುತ್ತದೆ. ಬಂದ ನೆಂಟರು ಸೆಕೆ ಎಂದು ಮತ್ತೆ ಹಾಕುತ್ತಾರೆ, ಸ್ವಿಚ್ಚಿನ ಹತ್ತಿರ ಒಬ್ಬರನ್ನು ನಿಲ್ಲಿಸಿ.